ಆಟದೊಳಗೆ ಕನ್ನಡದ ಅಕ್ಷರ

ಮುಂದಿನ ವಿಡಿಯೋ ಆಟಗಳಲ್ಲಿ ಏನೇನಿರಬೇಕೆಂದು ಆಡುವ ಮಕ್ಕಳನ್ನು ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಅಂತರ್ಜಾಲವಿಲ್ಲದಾಗಲೂ ಆಡುವಂತಿರಬೇಕು, ನಿಲ್ಲಿಸಿದಲ್ಲಿಂದಲೇ ಮರುದಿನ ಮುಂದುವರಿಸುವಂತಿರಬೇಕು, ಒಂದೇ ಪರದೆಯ ಮುಂದೆ ಅಣ್ಣ ತಂಗಿ ಇಬ್ಬರೂ ಕುಳಿತು ಆಡುವಂತಿರಬೇಕು. ಹೆತ್ತವರ ಪಟ್ಟಿಯಲ್ಲಿ ಒಂದೇ ಸಾಲು ಇದ್ದೀತು: ಊಟಕ್ಕೆ ಕರೆದಾಗ ತಾನಾಗಿ ನಿಲ್ಲುವ ಆಟ ಬೇಕು.

ಇವುಗಳಲ್ಲಿ ಮೊದಲನೆಯದು ಬರಿಯ ಹುಡುಗಾಟದ ಬೇಡಿಕೆಯಲ್ಲ. 2014ರಲ್ಲಿ ಯೂಬಿಸಾಫ್ಟ್ ಹೊರತಂದ ‘ದ ಕ್ರ್ಯೂ’ ಎಂಬ ಕಾರೋಟದ ಆಟಕ್ಕೆ, ಒಬ್ಬರೇ ಆಡುವಾಗಲೂ, ಸಂಸ್ಥೆಯ ಸರ್ವರಿನ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ಮುಚ್ಚಿತು. ಹಣ ತೆತ್ತು ಕೊಂಡವರಿಗೂ ಆಟ ಇಲ್ಲವಾಯಿತು. ಇಂಥದ್ದು ಮರುಕಳಿಸಬಾರದೆಂದು ಯುರೋಪಿನಲ್ಲಿ ಆರಂಭವಾದ ಅರ್ಜಿಗೆ 2025ರಲ್ಲಿ 10 ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದವು.

ಗಡಿಯಾಚೆಯ ಕನ್ನಡ ಶಾಲೆಗಳ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕೊರತೆಯೊಂದಿದೆ. ಪಾಠವನ್ನು ಕನ್ನಡದಲ್ಲಿ ಓದುವ ಮಗು ಆಟದ ‘ಸ್ಟಾರ್ಟ್’, ‘ರೀಟ್ರೈ’ಗಳನ್ನು ಪದವಾಗಿ ಓದುವುದಿಲ್ಲ, ಚಿತ್ರದಂತೆ ಗುರುತಿಸುತ್ತದೆ. ಪಾತ್ರಗಳ ಸಂಭಾಷಣೆ ಬಂದೊಡನೆ ಗುಂಡಿಯೊತ್ತಿ ದಾಟಿಸಿಬಿಡುತ್ತದೆ. ಓಟ, ನೆಗೆತ, ಹೊಡೆತ ದಕ್ಕುತ್ತವೆ, ಕಥೆ ದಕ್ಕುವುದಿಲ್ಲ.

ಸಣ್ಣ ಭಾಷೆಗಳಿಗೆ ಇದು ಅಸಾಧ್ಯವೇನಲ್ಲ. 2014ರಲ್ಲಿ ಬಂದ ‘ನೆವರ್ ಅಲೋನ್’ ಆಟವು ಅಲಾಸ್ಕಾದ ಇನ್ಯೂಪಿಯಾಟ್ ಜನರ ಹಿರಿಯರು, ಕಥೆಗಾರರೊಂದಿಗೆ ಕುಳಿತು ರಚಿಸಿದ್ದು. ನೂನಾ ಎಂಬ ಹುಡುಗಿ, ಅವಳ ಜೊತೆಗೊಂದು ಬಿಳಿ ನರಿ. ನಿಲ್ಲದ ಹಿಮಗಾಳಿಯ ಮೂಲವನ್ನು ಅರಸುತ್ತಾ ಹೊರಡುತ್ತಾರೆ. ಇಬ್ಬರು ಕೂಡಿ ಆಡಿದರೆ ಒಬ್ಬರು ಹುಡುಗಿ, ಇನ್ನೊಬ್ಬರು ನರಿ. ಕಥೆ ಹೇಳುವ ದನಿ ಇನ್ಯೂಪಿಯಾಕ್ ಭಾಷೆಯದೇ. ಆ ಭಾಷೆಯನ್ನಾಡುವವರು ಕೆಲವೇ ಸಾವಿರ. ಕನ್ನಡ ಮಾತೃಭಾಷೆಯವರು 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ. ಮಾರುಕಟ್ಟೆ ಚಿಕ್ಕದೆಂಬ ಸಬೂಬನ್ನು ಈ ಲೆಕ್ಕದೆದುರು ಒಪ್ಪುವುದು ಕಷ್ಟ.

ತಾಂತ್ರಿಕ ತೊಡಕು ಮಾತ್ರ ನಿಜವಾದದ್ದು. ರೋಮನ್ ಅಕ್ಷರಗಳನ್ನು ಮಣಿ ಪೋಣಿಸಿದಂತೆ ಪಕ್ಕಪಕ್ಕ ಇಟ್ಟರೆ ಪದವಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯಬೇಕು, ಗುಣಿತಕ್ಕೆ ತಕ್ಕಂತೆ ಅಕ್ಷರದ ತಲೆಕಟ್ಟು ಬದಲಾಗಬೇಕು. ಗಣಕದೊಳಗೆ ‘ಅಕ್ಕ’ ಎಂಬ ಪದವು ಅ, ಕ, ಹಲಂತ, ಕ ಎಂಬ ನಾಲ್ಕು ಸಂಕೇತಗಳಾಗಿರುತ್ತದೆ. ಅವನ್ನು ಬೆಸೆಯುವ ತಂತ್ರಾಂಶವಿಲ್ಲದಿದ್ದರೆ ಪರದೆಯ ಮೇಲೆ ‘ಅಕ್‌ಕ’ ಎಂದು ಒಡೆದು ಕಾಣುತ್ತದೆ. ಈ ಬೆಸುಗೆಯ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ನೆಟ್ಟಗೆ ಮೂಡುವುದು ಅದರಿಂದಲೇ. ಆಟ ಕಟ್ಟುವ ಸಾಧನಗಳು ಅದನ್ನು ತಡವಾಗಿ ಬರಮಾಡಿಕೊಂಡವು. ಉಚಿತವಾಗಿ ದೊರೆಯುವ ಗೊಡೊ ಎಂಬ ಸಾಧನವು 2023ರಲ್ಲಿ ಬಂದ ತನ್ನ 4ನೆಯ ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡಿತು. ಹಾಗಾಗಿ ಪ್ರೌಢಶಾಲೆಯ ಆಸಕ್ತ ವಿದ್ಯಾರ್ಥಿ ಕೂಡ ಇಂದು ಒತ್ತಕ್ಷರ ಕೆಡದಂತೆ ಕನ್ನಡದಲ್ಲೊಂದು ಪುಟ್ಟ ಆಟ ಕಟ್ಟಲು ಸಾಧ್ಯ.

ಅಷ್ಟು ಕಾಯಲಾರದವರಿಗೆ ಇನ್ನೊಂದು ದಾರಿಯಿದೆ. 30 ಕೋಟಿ ಪ್ರತಿಗಳಿಗೂ ಹೆಚ್ಚು ಮಾರಾಟವಾದ ‘ಮೈನ್‌ಕ್ರಾಫ್ಟ್’ನ ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆರೆದರೆ ಕನ್ನಡವೂ ಇದೆ. ಅದನ್ನು ಅಲ್ಲಿ ತಂದವರು ಸ್ವಯಂಸೇವಕರು. ಕ್ರೌಡಿನ್ ಎಂಬ ತಾಣದಲ್ಲಿ ಯಾರಾದರೊಬ್ಬರು ಒಂದು ಪದ ಸೂಚಿಸುತ್ತಾರೆ, ಉಳಿದವರು ಮತ ಹಾಕುತ್ತಾರೆ. ಅನುವಾದವಾಗದ ಸಾಲು ಇಂಗ್ಲಿಷಿನಲ್ಲೇ ಉಳಿಯುತ್ತದೆ. ಅಗೆಯುವುದೇ ಮುಖ್ಯವಾದ ಈ ಆಟದಲ್ಲಿ ಕೈಗೆ ಮೊದಲು ಬೇಕಾಗುವ ಹತ್ಯಾರಕ್ಕೆ ಕರಾವಳಿಯವರು ಪಿಕ್ಕಾಸು ಎನ್ನುತ್ತಾರೆ, ಒಳನಾಡಿನವರು ಪಿಕಾಸಿ ಎನ್ನುತ್ತಾರೆ, ಗುದ್ದಲಿಯೇ ಸಾಕೆನ್ನುವವರೂ ಇದ್ದಾರೆ. ಅಲ್ಲಿ ಮತ ಹಾಕಲು ಊರು ಯಾವುದೆಂದು ಯಾರೂ ಕೇಳುವುದಿಲ್ಲ.