ರೆಸ್ಟನ್ ಪತ್ರ – 17: ಸ್ಟಬ್ಬಿ ಮನೆಗೆ ಬಂದ, ಉಳಿದವು?

ಹೋದ ವಾರ ಸ್ಟಬ್ಬಿಯ ಫೋಟೋ ಹಾಕಿದ್ದಕ್ಕೆ ಕಾಕಾ ಕೇಳಿದ್ರು, "ಸತ್ತ ನಾಯಿ ನೋಡಾಕ ರಜೆ ಹಾಕಿದ್ಯೇನವಾ?" ಹೌದು ಕಾಕಾ. ರೆಸ್ಟನ್ನಿಂದ ಸಿಲ್ವರ್ ಲೈನ್ ಮೆಟ್ರೋ ಹತ್ತಿದರೆ ವಾಷಿಂಗ್ಟನ್ನಿನ ಅಮೆರಿಕನ್ ಹಿಸ್ಟರಿ ಮ್ಯೂಸಿಯಂ ದೂರವೇನಿಲ್ಲ.

ಸ್ಟಬ್ಬಿ ಮೋಟು ಬಾಲದ ಬೀದಿನಾಯಿ. 1917ರಲ್ಲಿ ಯೇಲ್ ವಿಶ್ವವಿದ್ಯಾಲಯದ ಬಳಿ ತರಬೇತಿಯಲ್ಲಿದ್ದ ಸೈನಿಕರ ಬೆನ್ನುಹತ್ತಿತು. ರಾಬರ್ಟ್ ಕಾನ್ರಾಯ್ ಎಂಬ ಹುಡುಗ ಅದನ್ನು ಹಡಗಿನಲ್ಲಿ ಬಚ್ಚಿಟ್ಟು ಫ್ರಾನ್ಸಿಗೆ ಒಯ್ದ. ವಿಷಾನಿಲದ ವಾಸನೆ ಬಂದರೆ ಬೊಗಳಿ ಎಬ್ಬಿಸುತ್ತಿತ್ತಂತೆ. ಗ್ರೆನೇಡಿನ ಚೂರು ತಾಗಿ ಆಸ್ಪತ್ರೆಯನ್ನೂ ಕಂಡಿತು. 1921ರಲ್ಲಿ ಜನರಲ್ ಪರ್ಶಿಂಗ್ ಕೈಯಿಂದ ಚಿನ್ನದ ಪದಕ. ಜರ್ಮನ್ ಗೂಢಚಾರನನ್ನು ಹಿಡಿದ ಕಥೆಯನ್ನು, 'ಸಾರ್ಜೆಂಟ್' ಅನ್ನುವ ಪದವಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪದವಿಗೆ ಸೈನ್ಯದ ಕಾಗದವೇ ಇಲ್ಲ. ಇರಬೇಕಾಗಿಯೂ ಇರಲಿಲ್ಲ. ನಮ್ಮ ವಾರ್ಡಿಗೆ ಆಗಾಗ ಥೆರಪಿ ನಾಯಿ ಬರುತ್ತದೆ. ಎರಡು ದಿನದಿಂದ ನಮ್ಮ ಹತ್ತಿರ ಬಾಯಿಬಿಡದ ಅಜ್ಜ ಅದರ ಹೆಸರು ಕೇಳುತ್ತಾನೆ. ಸ್ಟಬ್ಬಿ ಮಾಡಿದ ದೊಡ್ಡ ಕೆಲಸ ಅದೇ ಇರಬೇಕು: ಕಂದಕದಲ್ಲಿ ಹೆದರಿ ಕೂತ ಹುಡುಗರ ಪಕ್ಕ ಬೆಚ್ಚಗೆ ಮಲಗಿದ್ದು.

ಆದರೆ ನನ್ನನ್ನು ಕಾಡಿದ್ದು ಬೇರೆ. ಸ್ಟಬ್ಬಿ ಯಾಕೆ ಮನೆಗೆ ಬಂತು? ಸೈನ್ಯದ ಲೆಕ್ಕದಲ್ಲಿ ಇರಲಿಲ್ಲ, ಅದಕ್ಕೆ. ಅದು ಕಾನ್ರಾಯ್‌ನ ನಾಯಿ, ಅವನ ಜೊತೆ ಮರಳಿತು, 1926ರಲ್ಲಿ ಅವನ ತೋಳಿನಲ್ಲೇ ಸತ್ತಿತು. ವಿಯೆಟ್ನಾಂ ಯುದ್ಧದಲ್ಲಿ ಇದೇ ಅಮೆರಿಕದ ಸುಮಾರು 4,000 ನಾಯಿಗಳು ದುಡಿದವು. ತರಬೇತಿ ಪಡೆದವು, ನಂಬರ್ ಇದ್ದವು. ವಾಪಸ್ ಬಂದದ್ದು 200ರ ಆಸುಪಾಸು. ಕಡತದಲ್ಲಿ ಅವು 'ಸಾಮಗ್ರಿ'. ನಿವೃತ್ತ ನಾಯಿಗಳನ್ನು ಸಾಕಲು ಕೊಡಬಹುದು ಅನ್ನುವ ಕಾನೂನು ಬರಲು 2000ನೇ ಇಸವಿ ಆಗಬೇಕಾಯಿತು. ಪದಕ ಕೊಡಲು ಇದ್ದ ಅವಸರ ಟಿಕೆಟ್ ಕೊಡಲು ಇರಲಿಲ್ಲ ನೋಡಿ.

ನಾವೇನು ಕಮ್ಮಿ ಅಂದುಕೊಳ್ಳಬೇಡಿ. ಕೆಲಸಕ್ಕಾಗದ ಸೇನಾ ನಾಯಿಗಳಿಗೆ ನಮ್ಮಲ್ಲೂ ಇಂಜೆಕ್ಷನ್ ಕೊಟ್ಟು ಮುಗಿಸುತ್ತಿದ್ದರು. 2015ರಲ್ಲಿ ಮಾಹಿತಿ ಹಕ್ಕಿನ ಉತ್ತರದಿಂದ ಅದು ಊರಿಗೆಲ್ಲ ಗೊತ್ತಾಯಿತು, ಗದ್ದಲವಾಯಿತು, ಆಮೇಲೆ ನೀತಿ ಬದಲಾಯಿತು. ಮರುವರ್ಷವೇ ನಮ್ಮ ಮುಧೋಳದ ಮರಿಗಳು ತರಬೇತಿಗೆ ಮೀರತ್‌ಗೆ ಹೋದವು. ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟು ಹೆಮ್ಮೆಯ ಮೆಸೇಜು ಬಂದವು! ನನಗೂ ಹೆಮ್ಮೆಯೇ. ಆದರೆ ವಯಸ್ಸಾದ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಅಂತ ಆವತ್ತು ಒಬ್ಬರೂ ಕೇಳಲಿಲ್ಲ.

ಮರಿ ಕಳಿಸುವ ಊರಿಗೆ ಮುದಿನಾಯಿಯನ್ನು ಮೊದಲು ಕೇಳುವ ಹಕ್ಕು ಇರಬೇಕು ಅನ್ನುವುದು ನನ್ನ ವಾದ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಕಡೆ ಹೋಗುವವರು ಯಾರಾದರೂ ಇದ್ದರೆ, ನಿವೃತ್ತ ನಾಯಿಯನ್ನು ಸಾಕಲು ಯಾರಿಗೆ ಅರ್ಜಿ ಹಾಕಬೇಕು ಅಂತ ಕೇಳಿ ತಿಳಿಸಿ. ಅಪ್ಪನ ಹಿತ್ತಲಿನಲ್ಲಿ ಜಾಗವಿದೆ. ಅವ್ವನನ್ನು ಒಪ್ಪಿಸುವ ಕೆಲಸ ನನಗಿರಲಿ.