ಬಲಪಡಿಸುವುದು ಯಾರ ಮೈಯನ್ನು, ಯಾರಿಗಾಗಿ?

ಮನುಷ್ಯನ ಮಿದುಳಿಗೆ ಚಿಪ್ ಅಳವಡಿಸಿದ, ಹುಟ್ಟುವ ಮೊದಲೇ ಮಗುವಿನ ವಂಶವಾಹಿಯನ್ನು ತಿದ್ದಿದ ಸುದ್ದಿಗಳನ್ನು ಓದಿದಾಗಲೆಲ್ಲ, ಇವು ಎಲ್ಲೋ ದೂರದ ಪ್ರಯೋಗಾಲಯಗಳಿಗೆ ಸೇರಿದ ಸಂಗತಿಗಳೆಂದು ಮಲೆನಾಡಿನ ನಾವು ಪುಟ ತಿರುವುತ್ತೇವೆ. ಆದರೆ ಆರೋಗ್ಯವಾಗಿರುವ ದೇಹಕ್ಕೆ, ಅದು ಹುಟ್ಟಿನಿಂದ ಪಡೆಯದ ಶಕ್ತಿಯೊಂದನ್ನು ತಂತ್ರಜ್ಞಾನದ ಮೂಲಕ ಕೂಡಿಸುವುದು ಸರಿಯೇ, ಸರಿಯಾದರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆ ಕಾಡಂಚಿನ ಊರುಗಳಿಗೆ ಬಂದು ಮೂರು ದಶಕಗಳೇ ಕಳೆದಿವೆ. ಅದು ಬಂದದ್ದು ಮಂಗನ ಕಾಯಿಲೆಯ ಲಸಿಕೆಯ ರೂಪದಲ್ಲಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಈ ರೋಗ ಮೊದಲು ಪತ್ತೆಯಾಯಿತು. ಉಣುಗು ಕಚ್ಚಿದಾಗ ವೈರಸ್ ಮನುಷ್ಯನ ದೇಹವನ್ನು ಸೇರುತ್ತದೆ. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗುವವರ ಕಾಯಿಲೆ ಇದು. 1990ರಿಂದೀಚೆಗೆ ನೀಡಲಾದ ಲಸಿಕೆಯು ರೋಗಿಗೆ ಕೊಡುವ ಚಿಕಿತ್ಸೆಯಾಗಿರಲಿಲ್ಲ. ಗಟ್ಟಿಮುಟ್ಟಾದ ಕೂಲಿಕಾರನ ಮೈಯನ್ನು ಕಾಡಿನ ವೈರಸ್ಸಿಗೆ ಎದುರಾಗುವಂತೆ ಸಜ್ಜುಗೊಳಿಸುವ ಉಪಾಯ ಅದು. ದೇಹದ ಬಲವರ್ಧನೆಯೆಂದರೆ ಇದೇ ಅಲ್ಲವೇ?

ನಮ್ಮ ಚಳವಳಿಯ ಕೆಲವು ಮಿತ್ರರು ದೇಹವು ಪ್ರಕೃತಿದತ್ತ, ಅದನ್ನು ತಿದ್ದುವುದೇ ಅಪರಾಧ ಎನ್ನುತ್ತಾರೆ. ಈ ವಾದವನ್ನು ನಾನು ಒಪ್ಪಲಾರೆ. ಪ್ರಕೃತಿದತ್ತವಾದುದರಲ್ಲಿ ಆ ವೈರಸ್ಸೂ ಸೇರಿದೆ. ಜ್ವರದಿಂದ ರಕ್ತಸ್ರಾವವಾಗಿ ಸಾಯುವ ಕಾರ್ಮಿಕನ ಮುಂದೆ ಪ್ರಕೃತಿಯ ಪಾವಿತ್ರ್ಯವನ್ನು ಬೋಧಿಸುವುದು ಕ್ರೌರ್ಯವೇ ಸರಿ. ಮೈಯನ್ನು ಬಲಪಡಿಸಬಾರದೆಂದು ನಾನು ಹೇಳುತ್ತಿಲ್ಲ. ಬಲಪಡಿಸುವವರು ಎರಡು ಮಾತಿಗೆ ಉತ್ತರ ಕೊಡಬೇಕು: ಆ ಮೈಯ ಒಡೆಯನಿಗೆ ಬೇಡವೆನ್ನುವ ಹಕ್ಕಿದೆಯೇ? ಅದರ ನೆಪದಲ್ಲಿ ಇನ್ನಾರೋ ತಮ್ಮ ಹೊಣೆಯಿಂದ ಜಾರಿಕೊಳ್ಳುತ್ತಿದ್ದಾರೆಯೇ?

ಮಂಗನ ಕಾಯಿಲೆಯ ಲಸಿಕೆ ಮೊದಲ ಪ್ರಶ್ನೆಯಲ್ಲಿ ಬಹುಮಟ್ಟಿಗೆ ಗೆದ್ದಿತು, ಎರಡನೆಯದರಲ್ಲಿ ಸೋತಿತು. ಚುಚ್ಚುಮದ್ದಿನ ನೋವಿಗೆ ಹೆದರಿ ಅನೇಕರು ಅದನ್ನು ನಿರಾಕರಿಸಿದರು. ನಿರಾಕರಿಸುವ ಸ್ವಾತಂತ್ರ್ಯ ಅವರಿಗಿತ್ತು. 2005ರಿಂದ 2010ರವರೆಗಿನ ಅಂಕಿಅಂಶಗಳ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಕೂಡ ಪಡೆದವರಲ್ಲಿ ಸುಮಾರು ಶೇ. 83. ಆ ರಕ್ಷಣೆಯೂ ಕಾಲಕ್ರಮದಲ್ಲಿ ಕುಂದುತ್ತಿತ್ತು, ಬೂಸ್ಟರನ್ನು ಮತ್ತೆ ಮತ್ತೆ ಪಡೆಯಬೇಕಿತ್ತು. ಕೊನೆಗೆ 2022ರಲ್ಲಿ ಲಸಿಕೆಯ ಬಳಕೆಯೇ ನಿಂತಿತು. 2024ರಲ್ಲಿ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ ಭಾಗಗಳಲ್ಲಿ ರೋಗ ಕಾಣಿಸಿಕೊಂಡಾಗ ಜನರ ಕೈಯಲ್ಲಿ ಉಳಿದಿದ್ದುದು ಮೈಗೆ ಸವರಿಕೊಳ್ಳುವ ಡೀಪಾ ತೈಲ ಮತ್ತು ಎಚ್ಚರಿಕೆ ಮಾತ್ರ.

ಎರಡನೆಯ ಪ್ರಶ್ನೆಯನ್ನು ಅರಿಯಲು ಚಾರ್ಮಾಡಿ ಘಾಟಿ ಇಳಿದರೆ ಸಾಕು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡನ್ನು ಕಡಿದ ಬಳಿಕ ಅಲ್ಲಿ ಈ ರೋಗ ಭೀಕರವಾಗಿ ಹರಡಿತು. ಕಾಡು ಕಡಿದಾಗ ಮನುಷ್ಯ, ದನ, ಮಂಗ, ಉಣುಗು ಒಂದೇ ಅಂಚಿನಲ್ಲಿ ಬಂದು ಸೇರುತ್ತವೆ. ಅಂಚನ್ನು ಸೃಷ್ಟಿಸಿದವರು ಒಬ್ಬರು, ಆ ಅಂಚಿನಲ್ಲಿ ದುಡಿಯುವವರು ಇನ್ನೊಬ್ಬರು. ಕೂಲಿಕಾರನ ತೋಳಿಗೆ ಸೂಜಿ ಚುಚ್ಚಿ, ಕಾಡಿನ ಅಂಚನ್ನು ಹಾಗೆಯೇ ಬಿಟ್ಟರೆ, ಪರಿಸರದ ಸಾಲವನ್ನು ಬಡವನ ಮೈಮೇಲೆ ಬರೆದಂತಾಗುತ್ತದೆ.

ಕೃಷಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಪಾಠ ಹೊಸದೇನಲ್ಲ. ಮೈಸೂರು ಸಂಸ್ಥಾನದ ತೋಟವೊಂದರಲ್ಲಿ 1911ರಲ್ಲಿ ಆಯ್ದ ಕೆಂಟ್ಸ್ ಕಾಫಿಯು ಎಲೆ ತುಕ್ಕು ರೋಗಕ್ಕೆ ಬಗ್ಗದೆಂದು ಬೆಳೆಗಾರರು ಹಿಗ್ಗಿದರು. ಕೆಲವೇ ವರ್ಷಗಳಲ್ಲಿ ತುಕ್ಕಿನ ಶಿಲೀಂಧ್ರವು ಹೊಸ ರೂಪ ತಳೆದು ಅದನ್ನೂ ಹಿಡಿಯಿತು. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವು 1940ರ ದಶಕದಲ್ಲಿ ಎಸ್. 795 ತಳಿಯನ್ನು ಕೊಟ್ಟಿತು. ಅದರ ನಿರೋಧಕ ಶಕ್ತಿಯೂ ಕಾಲಾಂತರದಲ್ಲಿ ಕುಗ್ಗಿತು. ನಾವು ಎದೆಗುಂದಲಿಲ್ಲ. ನೆರಳು ಸರಿಪಡಿಸಿದೆವು, ಬೋರ್ಡೋ ದ್ರಾವಣ ಸಿಂಪಡಿಸಿದೆವು, ಸೋತ ಗಿಡಗಳನ್ನು ಕಿತ್ತು ಹೊಸ ತಳಿ ನೆಟ್ಟೆವು. ತಳಿ ಸುಧಾರಣೆಯೆಂದರೆ ಒಂದನ್ನು ಉಳಿಸಿಕೊಂಡು ನೂರನ್ನು ಕೀಳುವ ಕೆಲಸ. ಗಿಡದ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಮನುಷ್ಯನ ವಿಷಯದಲ್ಲಿ ಕೀಳುವ ಮಾತೇ ಇಲ್ಲ. 2018ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ, ಎಚ್‌ಐವಿ ಸೋಂಕು ತಗುಲದಂತೆ ಭ್ರೂಣಗಳ ಸಿಸಿಆರ್‌5 ಎಂಬ ವಂಶವಾಹಿಯನ್ನು ತಿದ್ದಿದ್ದಾಗಿಯೂ, ಅವಳಿ ಹೆಣ್ಣುಮಕ್ಕಳು ಹುಟ್ಟಿರುವುದಾಗಿಯೂ ಪ್ರಕಟಿಸಿದ. ಮುಂದಿನ ವರ್ಷ ಅಲ್ಲಿನ ನ್ಯಾಯಾಲಯ ಅವನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಮಕ್ಕಳಿಗೆ ಸೋಂಕು ದಾಟದಂತೆ ತಡೆಯಲು ಬೇರೆ ಸುರಕ್ಷಿತ ಮಾರ್ಗಗಳು ಆಗಲೇ ಇದ್ದವು. ಆ ಮಕ್ಕಳು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಆದ ಬದಲಾವಣೆಯನ್ನು ಹಿಂತೆಗೆದುಕೊಳ್ಳುವಂತಿಲ್ಲ, ಅದು ಅವರ ಸಂತಾನಕ್ಕೂ ಇಳಿಯಬಹುದು. ಲಸಿಕೆ ಬೇಡವೆಂದು ತೋಳು ಹಿಂದೆಳೆದುಕೊಂಡ ಕಾಡಂಚಿನ ಹೆಣ್ಣುಮಗಳಿಗಿದ್ದ ಹಕ್ಕು ಆ ಅವಳಿಗಳಿಗಿರಲಿಲ್ಲ. ಲಸಿಕೆಗೂ ಭ್ರೂಣದ ತಿದ್ದುಪಡಿಗೂ ನಡುವೆ ನಾವು ಎಳೆಯಬೇಕಾದ ಗೆರೆ ಇಲ್ಲಿದೆ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೇತೃತ್ವದಲ್ಲಿ ಮಂಗನ ಕಾಯಿಲೆಗೆ ಹೊಸ ಲಸಿಕೆಯನ್ನು ರೂಪಿಸುವ ಪ್ರಯತ್ನ ನಡೆದಿದೆ. ಅದು ಬೇಗ ಬರಲಿ. ಬಂದಾಗ ಮೂಡಿಗೆರೆ, ಕಳಸದ ತೋಟಗಳಲ್ಲಿ ದುಡಿಯುವ ಅಸ್ಸಾಮಿನ ಕಾರ್ಮಿಕರಿಗೂ ಅವರ ನುಡಿಯಲ್ಲೇ ಅದರ ಗುಣದೋಷಗಳನ್ನು ತಿಳಿಸಬೇಕು. ಚುಚ್ಚಿಸಿಕೊಳ್ಳದವರಿಗೆ ಕೆಲಸವಿಲ್ಲ ಎನ್ನುವ ಮಾತು ಯಾವ ಮಾಲೀಕನ ಬಾಯಿಂದಲೂ ಬರಕೂಡದು. ಸತ್ತ ಮಂಗ ಕಂಡ ದಿನವೇ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಪ್ರತಿ ಗ್ರಾಮ ಪಂಚಾಯಿತಿ ವಹಿಸಿಕೊಳ್ಳಬೇಕು. ಉಳಿದ ಕಾಡಿನ ಅಂಚನ್ನು ಇನ್ನಷ್ಟು ಒಳಕ್ಕೆ ತಳ್ಳುವ ಯೋಜನೆ ಬಂದಾಗ, ಲಸಿಕೆ ಇದೆಯಲ್ಲ ಎಂಬ ಸಮಾಧಾನವನ್ನು ಗ್ರಾಮಸಭೆಗಳು ಒಪ್ಪಕೂಡದು.