ಬಿಚ್ಚುವ ಮುನ್ನ ವಿಚಾರಿಸಿರಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತಾದರೂ ಅದರ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ಲುಗಳು ಮಂಡಿ ಮೊಹಲ್ಲಾದಂಥ ಹಳೆಯ ಬಡಾವಣೆಗಳಲ್ಲಿ ಇನ್ನೂ ಕಾಣಸಿಗುತ್ತವೆ. ಅಂಥ ಎಂಜಿನ್ ನಿಂತೊಡನೆ ಕಾರ್ಬುರೇಟರನ್ನು ಬಿಚ್ಚುವ ಅವಸರ ಸಲ್ಲದು. ಮೊದಲು ಸ್ಪಾರ್ಕ್ ಪ್ಲಗ್ಗನ್ನು ನೋಡಿರಿ. ಒದ್ದೆಯಾಗಿದ್ದರೆ ಪೆಟ್ರೋಲು ತಲುಪಿದೆ, ಕಿಡಿಯನ್ನು ಶಂಕಿಸಬೇಕು. ಒಣಗಿದ್ದರೆ ಪೆಟ್ರೋಲಿನ ಹಾದಿಯನ್ನು ಶೋಧಿಸಬೇಕು. ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದೊಡನೆ ಎಂಜಿನ್ ಚೇತರಿಸಿಕೊಂಡರೆ ಅದರ ಗಾಳಿರಂಧ್ರ ಕಟ್ಟಿದೆಯೆಂದರ್ಥ. ಗಾಳಿ ಒಳಹೊಗದೆ ಪೆಟ್ರೋಲು ಸರಾಗವಾಗಿ ಇಳಿಯದು. ಹಾಗಲ್ಲವಾದರೆ ಕೊಳವೆ, ಜಾಲರಿ, ಜೆಟ್ ಎಂದು ಕ್ರಮವಾಗಿ ಸಾಗಬೇಕು. ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸುವ ಇಂಥ ಎಂಜಿನ್ನಿಗೆ ಪೆಟ್ರೋಲು ಕಡಮೆಯಾದರೆ ಎಣ್ಣೆಯೂ ಕಡಮೆ. ಬಲವಂತವಾಗಿ ಓಡಿಸಿದರೆ ಪಿಸ್ಟನ್ ಬಿಗಿದುಕೊಂಡೀತು. ಕರಾವಳಿಯ ದೋಣಿಗಳ ಹಳೆಯ ಟೂ-ಸ್ಟ್ರೋಕ್ ಯಂತ್ರಗಳಿಗೂ ಇದೇ ನ್ಯಾಯ. ಅಲ್ಲಿ ಅವು ನಿಲ್ಲುವುದು ನಡುನೀರಿನಲ್ಲಿ. ಪ್ರಯೋಗಶಾಲೆಯಲ್ಲಿ ಕಲಿತ ನಿಯಮವನ್ನೇ ವಿದ್ಯಾರ್ಥಿಗಳು ಇಲ್ಲಿಯೂ ಪಾಲಿಸಲಿ: ಒಂದು ಸಲಕ್ಕೆ ಒಂದೇ ಕಾರಣವನ್ನು ಪರೀಕ್ಷಿಸಬೇಕು.